ಮದ್ದು ಮುಗಿದ ಮೇಲೆ

ನನ್ನ ಮಾಮು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಕೆಲಸದಲ್ಲಿದ್ದಾರೆ. ಕಳೆದ ವರ್ಷ ವಿಡಿಯೋ ಕರೆಯಲ್ಲಿ ನೋಡಿದರೆ ಅವರ ಮುಖದ ಒಂದು ಬದಿ ಜೋತುಬಿದ್ದಿತ್ತು. ವೈದ್ಯರು ಲೈಮ್ ರೋಗ ಎಂದರು.

ಅದೇ ರಾಜ್ಯದ ಲೈಮ್ ಎಂಬ ಊರಿನ ಮಕ್ಕಳಲ್ಲಿ 1975ರ ಸುಮಾರಿಗೆ ಕೀಲು ಊತ ಕಾಣಿಸಿಕೊಂಡದ್ದರಿಂದ ಈ ಹೆಸರು ಬಂತು. ಉಣ್ಣೆ ಕಚ್ಚಿದಾಗ ಬೊರೇಲಿಯಾ ಎಂಬ ಬ್ಯಾಕ್ಟೀರಿಯಾ ದೇಹ ಸೇರುತ್ತದೆ. ಅದು ನರಗಳನ್ನು ತಲುಪಿದರೆ ಮುಖದ ಸ್ನಾಯುಗಳು ಸೋಲಬಹುದು, ನರನೋವು ಬರಬಹುದು. ಸಾಮಾನ್ಯವಾಗಿ ಎರಡು, ಮೂರು ವಾರ ಡಾಕ್ಸಿಸೈಕ್ಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಕೊಡುತ್ತಾರೆ. ಹೆಚ್ಚಿನವರು ಗುಣವಾಗುತ್ತಾರೆ. ಕೆಲವರಿಗೆ ಸುಸ್ತು, ನೋವು, ಮರೆವು ತಿಂಗಳುಗಟ್ಟಲೆ ಉಳಿಯುತ್ತವೆ.

ಮಾಮುವಿಗೂ ಹಾಗೇ ಆಯಿತು. 21 ದಿನಕ್ಕೆ ಮದ್ದು ಮುಗಿಯಿತು, ಎರಡು ತಿಂಗಳಲ್ಲಿ ಮುಖ ಸರಿಯಾಯಿತು, ಸುಸ್ತು ಮಾತ್ರ ಹೋಗಲಿಲ್ಲ. "ಇನ್ನಷ್ಟು ಆಂಟಿಬಯೋಟಿಕ್ ತೆಗೆದುಕೋ" ಎಂದು ಅಮ್ಮಿ ಒತ್ತಾಯಿಸಿದರು. ನಾನು ಅದನ್ನು ಸೋಮಾರಿತನ ಎಂದುಕೊಂಡೆ. ಆಮೇಲೆ ಓದಿದಾಗ ಇಬ್ಬರೂ ತಪ್ಪು ಎಂದು ತಿಳಿಯಿತು.

2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸೆಯ ನಂತರವೂ ತೊಂದರೆ ಉಳಿದವರಿಗೆ 90 ದಿನ ಮತ್ತೆ ಆಂಟಿಬಯೋಟಿಕ್ ಕೊಟ್ಟರು. ಹುಸಿ ಔಷಧ ಪಡೆದವರಿಗಿಂತ ಅವರಿಗೆ ಹೆಚ್ಚಿನ ಲಾಭವಾಗಲಿಲ್ಲ. ಗುಣವಾದ ಮೇಲೂ ಪ್ರತಿಕಾಯಗಳು ರಕ್ತದಲ್ಲಿ ವರ್ಷಗಟ್ಟಲೆ ಇರಬಹುದು. ಹಾಗಾಗಿ ರಕ್ತಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ರೋಗಾಣು ಉಳಿದಿದೆ ಎಂದಲ್ಲ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಹೀಗೆ ಅರ್ಥವಾಯಿತು: ಅಂಗಡಿಗೆ ಬಿದ್ದ ಬೆಂಕಿ ಆರಿದ ದಿನವೇ ವ್ಯಾಪಾರ ಶುರುವಾಗುವುದಿಲ್ಲ. ಆರಿದ ಮೇಲೂ ನೀರು ಸುರಿದರೆ ಉಳಿದ ಸರಕೂ ಹಾಳು.

ಗೆಳೆಯರೇ, ಕಾಯಿಲೆಯಿಂದ ಎದ್ದು ತರಗತಿಗೆ ಬಂದವರನ್ನು "ಇನ್ನೂ ಸರಿಯಾಗಿಲ್ಲವಾ?" ಎಂದು ಕೇಳುವ ಮೊದಲು ಯೋಚಿಸೋಣ. ನಾನು ಮಾಮುವಿನ ಕ್ಷಮೆ ಕೇಳಿದ್ದೇನೆ.