ಹುತ್ತದ ಅಣಬೆ: ಬುಡ ನೋಡಿ ಗುರುತಿಸಿರಿ

ಮುಂಗಾರು ಮಳೆ ಬಿದ್ದು ನಾಲ್ಕಾರು ದಿನ ಮೋಡ ಕವಿದಿದ್ದರೆ ಚಿಂಚೋಳಿ ತಾಲ್ಲೂಕಿನ ಕಾಡಿನ ಅಂಚಿನಲ್ಲಿಯೂ ಹೊಲದ ಒಡ್ಡುಗಳಲ್ಲಿಯೂ ಅಣಬೆಗಳು ಏಳುತ್ತವೆ. ಇವುಗಳಲ್ಲಿ ತಿನ್ನಲು ಯೋಗ್ಯವಾದವೂ ಉಂಟು, ಪ್ರಾಣಕ್ಕೆ ಎರವಾಗುವವೂ ಉಂಟು. ರುಚಿಗೆ ಹೆಸರಾದ ಹುತ್ತದ ಅಣಬೆಯನ್ನು ಗುರುತಿಸುವ ಕ್ರಮವನ್ನು ಇಲ್ಲಿ ತಿಳಿಸಲಾಗಿದೆ.

ಇದು ಟರ್ಮಿಟೋಮೈಸಿಸ್ ಎಂಬ ಗುಂಪಿಗೆ ಸೇರಿದ ಶಿಲೀಂಧ್ರ. ಗೆದ್ದಲುಗಳು ಒಣ ಕಟ್ಟಿಗೆ, ಎಲೆಗಳನ್ನು ತಿಂದು, ನೆಲದೊಳಗೆ ಗೂಡು ಕಟ್ಟಿ, ಅದರಲ್ಲಿ ಈ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆಗಾಲದಲ್ಲಿ ಅದೇ ಮಣ್ಣು ಸೀಳಿ ಕೊಡೆಯಾಗಿ ಮೇಲೇಳುತ್ತದೆ.

ಗುರುತಿನ ಲಕ್ಷಣಗಳು

1. ಬುಡ: ಅಣಬೆಯನ್ನು ಕೀಳದೆ ಸುತ್ತಲೂ ಅಗೆದು ನೋಡಬೇಕು. ಕಾಂಡವು ಬೇರಿನಂತೆ ಗೆದ್ದಲ ಗೂಡಿನವರೆಗೆ ಇಳಿದಿರಬೇಕು.
2. ಕೊಡೆ: ನಡುವೆ ಮೊನೆಯಾದ ಉಬ್ಬು ಇರುತ್ತದೆ.
3. ಕೊಡೆಯಡಿಯ ಪದರುಗಳು: ಮೊದಲು ಬಿಳಿ, ಬಲಿತಂತೆ ನಸುಗುಲಾಬಿ.
4. ಪುಡಿಯ ಬಣ್ಣ: ಕೊಡೆಯನ್ನು ಕತ್ತರಿಸಿ, ಪದರುಗಳು ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಬಟ್ಟಲು ಬೋರಲು ಹಾಕಬೇಕು. ಬೆಳಗಾಗುವಷ್ಟರಲ್ಲಿ ನಸುಗುಲಾಬಿ ಪುಡಿ ಉದುರಿರುತ್ತದೆ.

ಮೋಸಗೊಳಿಸುವ ಅಣಬೆಗಳು

ವಿಷಕಾರಿ ಅಮಾನಿಟಾ ಅಣಬೆಗಳ ಪದರು ಬಿಳಿ, ಪುಡಿಯೂ ಬಿಳಿ. ಬುಡದಲ್ಲಿ ಚೀಲ, ಕಾಂಡದ ಮೇಲೆ ಉಂಗುರ ಇರುತ್ತದೆ. ಮೇಲಿಂದ ಕಿತ್ತರೆ ಚೀಲ ಮಣ್ಣಿನಲ್ಲಿಯೇ ಉಳಿದು ಗುರುತು ತಪ್ಪುತ್ತದೆ. ಬುಡ ಅಗೆಯಬೇಕೆಂದು ಹೇಳುವುದು ಇದಕ್ಕಾಗಿಯೇ. ಹುಲ್ಲುಗಾವಲಿನಲ್ಲಿ ಏಳುವ ದೊಡ್ಡ ಕೊಡೆಯ ಕ್ಲೋರೋಫಿಲಮ್ ಇನ್ನೊಂದು ವಿಷದ ಅಣಬೆ. ಇದರ ಪದರುಗಳು ಎಳೆಯದಿರುವಾಗ ಬಿಳಿ, ಬಲಿತಾಗ ಹಸಿರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ರೈತರೂ ಹುಲ್ಲಿನಲ್ಲೆದ್ದ ಬಿಳಿ ಕೊಡೆಗಳನ್ನು ನಂಬಬಾರದು.

ಬೆಳ್ಳಿ ನಾಣ್ಯ ಕಪ್ಪಾಗುವುದು, ಬೆಳ್ಳುಳ್ಳಿಯ ಬಣ್ಣ ಬದಲಾಗುವುದು, ಹುಳು ತಿಂದಿರುವುದು, ಇವು ಯಾವುವೂ ಸರಿಯಾದ ಪರೀಕ್ಷೆಗಳಲ್ಲ. ಅಮಾನಿಟಾದ ಮಾರಕ ವಿಷವು ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ತಿಂದ 6 ರಿಂದ 12 ಗಂಟೆಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ, ವಾಂತಿ ಭೇದಿ ಆರಂಭವಾಗುತ್ತದೆ. ಮರುದಿನ ಗುಣವಾದಂತೆ ಕಂಡರೂ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಆದ್ದರಿಂದ ಮನೆಮದ್ದಿನಲ್ಲಿ ಕಾಲ ಕಳೆಯದೆ, ಉಳಿದ ಅಣಬೆಯೊಡನೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಜೊತೆಯಲ್ಲಿ ಉಂಡವರೆಲ್ಲರನ್ನೂ ತೋರಿಸಬೇಕು.

ಚಿಂಚೋಳಿಯ ಅರಣ್ಯದ ಒಂದು ಭಾಗ 2011ರಿಂದ ವನ್ಯಜೀವಿ ಧಾಮವಾಗಿದೆ. ಅಲ್ಲಿ ಅಪ್ಪಣೆಯಿಲ್ಲದೆ ಏನನ್ನೂ ಆಯಬಾರದು. ಸ್ವಂತ ಹೊಲದ ಹುತ್ತದ ಬಳಿ ಸಿಕ್ಕಿದ್ದರಲ್ಲಿಯೂ ಒಂದು ಲಕ್ಷಣ ಕೂಡದಿದ್ದರೆ, ಅಥವಾ ಕಾಂಡಕ್ಕೆ ಉಂಗುರವಿದ್ದರೆ, ಬಿಟ್ಟುಬಿಡುವುದೇ ಜಾಣತನ. ಒಂದು ಹೊತ್ತಿನ ಪಲ್ಯಕ್ಕಿಂತ ಮನೆಮಂದಿಯ ಜೀವ ದೊಡ್ಡದು.