ಬಾಡಿಗೆ ಮನೆಗೆ ಯಾವ ಇಂಟರ್ನೆಟ್? ಮೊದಲು ಗೋಡೆ ನೋಡಿ

ಪ್ರತಿ ವರ್ಷ ಆಗಸ್ಟ್ ಕೊನೆಗೆ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತೆ: "ಐದು ಜನ ಸೇರಿ ಮನೆ ಮಾಡಿದ್ದೀವಿ, ಯಾವ ಬ್ರಾಡ್‌ಬ್ಯಾಂಡ್ ತಗೊಳ್ಳೋದು?" ಉತ್ತರಗಳೂ ಪ್ರತಿ ವರ್ಷ ಒಂದೇ ಥರ. ಒಬ್ಬರು ತಮ್ಮ ಕಂಪನಿಯ ರೆಫರಲ್ ಲಿಂಕ್ ಹಾಕ್ತಾರೆ. ಇನ್ನೊಬ್ಬರು "ಅದು ಬೇಡ ಗುರು, ರಾತ್ರಿ ಆದ್ರೆ ಬರೀ ಸುತ್ತುತ್ತೆ" ಅಂತಾರೆ. ಇಬ್ಬರ ಮಾತೂ ನಿಜ ಇರಬಹುದು. ಬ್ರಿಟನ್‌ನಲ್ಲಿ ಬಿಲ್ ಕಳಿಸುವ ಕಂಪನಿ ಬೇರೆ, ನೆಲದಡಿಯ ತಂತಿ ಬೇರೆ. ಸ್ಕೈ, ಟಾಕ್‌ಟಾಕ್, ಪ್ಲಸ್‌ನೆಟ್, ಬಿಟಿ ಎಂದು ಹೆಸರುಗಳು ಎಷ್ಟೇ ಇದ್ದರೂ ಇವೆಲ್ಲ ಬಹುಪಾಲು ಬಳಸುವುದು ಬಿಟಿ ಸಮೂಹದ ಓಪನ್‌ರೀಚ್ ಹಾಕಿದ ತಂತಿಯನ್ನೇ. ಆದ್ದರಿಂದ ಈ ಪಾಠದಲ್ಲಿ ನಾವು ಕಂಪನಿಗಳ ತೂಕ ಮಾಡಲು ಹೋಗಿಲ್ಲ. ಮನೆಯೊಳಗೆ ಬರುವ ತಂತಿ ಯಾವುದು, ಅದರಿಂದ ಏನಾಗುತ್ತೆ, ಅದನ್ನು ಗುರುತಿಸುವುದು ಹೇಗೆ ಎಂದು ನೋಡೋಣ. ಯೂನಿವರ್ಸಿಟಿ ಹಾಲ್‌ಗಳಲ್ಲಿ ಸಾಮಾನ್ಯವಾಗಿ ಬಾಡಿಗೆಯಲ್ಲೇ ನೆಟ್ ಸೇರಿರುತ್ತದೆ. ಅಲ್ಲಿರುವವರು ಇದನ್ನು ಮುಂದಿನ ವರ್ಷಕ್ಕೆ ಎತ್ತಿಟ್ಟುಕೊಳ್ಳಬಹುದು.

ಮೊದಲು ಒಂದು ಚಿಕ್ಕ ಲೆಕ್ಕ. ಜಾಹೀರಾತಿನ ವೇಗ ಮೆಗಾಬಿಟ್‌ನಲ್ಲಿ ಇರುತ್ತದೆ, ನಮ್ಮ ಫೈಲಿನ ಗಾತ್ರ ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ಸೆಕೆಂಡಿಗೆ 80 ಮೆಗಾಬಿಟ್ ಎಂದರೆ ನಿಮ್ಮ ಕೈಗೆ ಸಿಗೋದು ಹೆಚ್ಚೆಂದರೆ 10 ಮೆಗಾಬೈಟ್. ಇದಕ್ಕಿಂತ ಮುಖ್ಯವಾದದ್ದು, ದಪ್ಪಕ್ಷರದಲ್ಲಿ ಹಾಕುವ ಆ ಅಂಕಿ ಡೌನ್‌ಲೋಡ್‌ನದು. ಅಪ್‌ಲೋಡ್ ವೇಗ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ. ವಿದ್ಯಾರ್ಥಿಗಳಿಗೆ ಕಷ್ಟ ಕೊಡೋದು ಸಾಮಾನ್ಯವಾಗಿ ಇದೇ. 2 ಗಿಗಾಬೈಟ್‌ನ ಪ್ರೆಸೆಂಟೇಶನ್ ವಿಡಿಯೊ ಒಂದನ್ನು ಸಬ್ಮಿಟ್ ಮಾಡಬೇಕು ಅಂದುಕೊಳ್ಳಿ. ಅಪ್‌ಲೋಡ್ 1 ಮೆಗಾಬಿಟ್ ಇದ್ದರೆ ಸುಮಾರು ನಾಲ್ಕೂವರೆ ಗಂಟೆ ಬೇಕು. 20 ಮೆಗಾಬಿಟ್ ಇದ್ದರೆ 13-14 ನಿಮಿಷ. 100 ಇದ್ದರೆ ಮೂರು ನಿಮಿಷವೂ ಬೇಡ. ಗಡುವು ಮಧ್ಯಾಹ್ನ 12ಕ್ಕೆ ಇದ್ದು 11:30ಕ್ಕೆ ಫೈಲ್ ಸಿದ್ಧವಾದವರಿಗೆ ಈ ಮೂರರ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿಗೆ ವಿಡಿಯೊ ಕಾಲ್ ಮಾಡಿದಾಗಲೂ ಹಾಗೇ. ನಿಮಗೆ ಅಮ್ಮ ಚೆನ್ನಾಗಿ ಕಾಣ್ತಿದ್ದು, ಆ ಕಡೆಯಿಂದ "ನಿನ್ನ ಮುಖ ನಿಂತ್ಹೋಯ್ತು ಕಣೋ" ಅಂತ ಬಂದರೆ ಅನುಮಾನ ಪಡಬೇಕಾದ್ದು ನಿಮ್ಮ ಅಪ್‌ಲೋಡನ್ನೇ. ಒಂದು ಒಳ್ಳೆ ಗುಣಮಟ್ಟದ ವಿಡಿಯೊ ಕಾಲ್‌ಗೆ ಮೇಲ್ಮುಖವಾಗಿ 3-4 ಮೆಗಾಬಿಟ್ ಹೋಗುತ್ತದೆ. ಐದು ಜನ ಒಟ್ಟಿಗೆ ಕೂತರೆ 20ರ ಹತ್ತಿರ.

ತಾಮ್ರ, ಅರ್ಧ ಫೈಬರ್

ಇನ್ನು ತಂತಿಗಳಿಗೆ ಬರೋಣ. ಅತಿ ಹಳೆಯದು ಎಡಿಎಸ್‌ಎಲ್. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮನೆಯವರೆಗೂ ಪೂರ್ತಿ ತಾಮ್ರದ ತಂತಿ. ಕಾಗದದ ಮೇಲೆ ಗರಿಷ್ಠ 24 ಮೆಗಾಬಿಟ್, ಅಪ್‌ಲೋಡ್ 1ರ ಆಸುಪಾಸು. ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಇಂಟರ್ನೆಟ್ ನೋಡಿ ಬೆಳೆದವರಿಗೆ ಇದು ಪರಿಚಿತ ವಸ್ತು. ಐದು ಜನರ ಮನೆಯಲ್ಲಿ ಇದೊಂದೇ ಸಿಗುತ್ತೆ ಅಂತಾದರೆ ಆ ಮನೆಯನ್ನೇ ಮತ್ತೊಮ್ಮೆ ಯೋಚನೆ ಮಾಡಿ.

ಅದರ ಮುಂದಿನದು ಎಫ್‌ಟಿಟಿಸಿ. ಎಕ್ಸ್‌ಚೇಂಜಿನಿಂದ ನಿಮ್ಮ ಬೀದಿ ತುದಿಯ ಹಸಿರು ಕಬ್ಬಿಣದ ಪೆಟ್ಟಿಗೆಯವರೆಗೆ ಫೈಬರ್, ಪೆಟ್ಟಿಗೆಯಿಂದ ಮನೆಗೆ ಅದೇ ಹಳೇ ತಾಮ್ರ. ಓವರ್‌ಹೆಡ್ ಟ್ಯಾಂಕಿನಿಂದ ಬೀದಿಯವರೆಗೆ ದಪ್ಪ ಪೈಪು ಹಾಕಿ, ಬೀದಿಯಿಂದ ಮನೆಗೆ ಅರ್ಧ ಇಂಚಿನ ತುಕ್ಕು ಪೈಪನ್ನೇ ಉಳಿಸಿಕೊಂಡ ಹಾಗೆ. ಗರಿಷ್ಠ 80 ಡೌನ್‌ಲೋಡ್, 20 ಅಪ್‌ಲೋಡ್. ಪೆಟ್ಟಿಗೆ ಹತ್ತಿರ ಇದ್ದರೆ ಅದರ ಆಸುಪಾಸು ಸಿಗುತ್ತೆ, ತಾಮ್ರ ಒಂದು ಕಿಲೋಮೀಟರ್ ದಾಟಿದರೆ ಅರ್ಧಕ್ಕಿಂತಲೂ ಇಳಿಯುತ್ತೆ. ಮನೆ ನೋಡಲು ಹೋದಾಗ ಆ ಹಸಿರು ಪೆಟ್ಟಿಗೆ ಎಲ್ಲಿದೆ ಅಂತ ಬೀದಿಯಲ್ಲಿ ಕಣ್ಣಾಡಿಸಿ. ಒಳಗೆ ಗೋಡೆಯ ಮೇಲೆ ಟೆಲಿಫೋನ್ ಸಾಕೆಟ್ ಮಾತ್ರ ಕಂಡರೆ ಈ ಎರಡರಲ್ಲಿ ಒಂದು ಎಂದು ಊಹಿಸಬಹುದು.

ಇಲ್ಲೊಂದು ಹೆಸರಿನ ಗೋಜಲಿದೆ. ಈ ಅರ್ಧ ತಾಮ್ರದ ಸಂಪರ್ಕವನ್ನು ಇಲ್ಲಿ ಬಹಳ ವರ್ಷ "ಫೈಬರ್" ಎಂದೇ ಮಾರಿದರು. ಇದು ಜನರನ್ನು ದಾರಿ ತಪ್ಪಿಸೋದಿಲ್ಲ ಎಂದು ಜಾಹೀರಾತು ನಿಯಂತ್ರಕರು ತೀರ್ಮಾನಿಸಿದ್ದರು. ಅದನ್ನು ಪ್ರಶ್ನಿಸಿ ಸಿಟಿಫೈಬರ್ ಕಂಪನಿ ಹೈಕೋರ್ಟಿಗೆ ಹೋಯಿತು, 2019ರಲ್ಲಿ ಸೋತಿತು. ಆಮೇಲೆ 2024ರ ಸೆಪ್ಟೆಂಬರ್‌ನಿಂದ ಆಫ್‌ಕಾಮ್‌ನ ಮಾರ್ಗಸೂಚಿ ಬದಲಾಯಿತು. ಮನೆಯ ತನಕ ಫೈಬರ್ ಬಂದರೆ ಮಾತ್ರ ಗ್ರಾಹಕರಿಗೆ ಕೊಡುವ ಒಪ್ಪಂದದ ವಿವರದಲ್ಲಿ ಆ ಪದ ಬಳಸಬೇಕು. ಆದರೆ ಮನೆ ಮಾಲೀಕರು, ಏಜೆಂಟರು, ಹಿಂದಿನ ಬಾಡಿಗೆದಾರರು "ಫೈಬರ್ ಇದೆ" ಅನ್ನೋದು ಈಗಲೂ ಹಳೆಯ ಅರ್ಥದಲ್ಲೇ. ಅವರ ಮಾತಿಗೆ ತಲೆಯಾಡಿಸುವ ಬದಲು "ಫುಲ್ ಫೈಬರಾ?" ಅಂತ ತಿರುಗಿ ಕೇಳಿ.

ಕೇಬಲ್

ಮೂರನೆಯದು ಕೇಬಲ್. ಟಿವಿಗೆಂದು ಹಾಕಿದ ದಪ್ಪ ಕೋಆಕ್ಸಿಯಲ್ ತಂತಿ. ಬ್ರಿಟನ್‌ನಲ್ಲಿ ಇದು ಹೆಚ್ಚುಕಡಿಮೆ ವರ್ಜಿನ್ ಮೀಡಿಯಾದ ಜಾಲ. ಗೋಡೆಯಲ್ಲಿ ನಡುವೆ ಸಣ್ಣ ರಂಧ್ರವಿದ್ದು, ತಿರುಪಿನಂತೆ ತಿರುಗಿಸಿ ಕೂರಿಸುವ ದುಂಡನೆಯ ಲೋಹದ ಸಾಕೆಟ್ ಕಂಡರೆ ಇದೇ ಇರಬಹುದು. ಡಿಶ್ ಟಿವಿ ಸಾಕೆಟ್ಟೂ ಹಾಗೇ ಕಾಣುತ್ತೆ, ಹಾಗಾಗಿ ವಿಳಾಸ ಹಾಕಿ ಖಾತ್ರಿ ಮಾಡಿಕೊಳ್ಳಿ. ಡೌನ್‌ಲೋಡ್ ಗಿಗಾಬಿಟ್ ತನಕ ಹೋಗುತ್ತೆ. ಅಪ್‌ಲೋಡ್ ಮಾತ್ರ ಅದರ ಹತ್ತರಲ್ಲಿ ಒಂದು ಪಾಲಿನ ಸುಮಾರಿಗೆ ನಿಲ್ಲುತ್ತೆ. ಅಗ್ಗದ ಪ್ಯಾಕೇಜಿನಲ್ಲಿ 20ರ ಹತ್ತಿರ.

ಈ ತಂತಿಯ ಸ್ವಭಾವ ಬೇರೆ. ಬೀದಿಯ ಹಲವು ಮನೆಗಳು ಒಂದೇ ಕೊಳವೆ ಹಂಚಿಕೊಳ್ಳುತ್ತವೆ. ಊರಲ್ಲಿ ಬೆಳಿಗ್ಗೆ ನಲ್ಲಿ ನೀರು ಬಿಟ್ಟಾಗ ಎಲ್ಲರೂ ಒಟ್ಟಿಗೆ ಕೊಡ ಇಟ್ಟರೆ ಧಾರೆ ಸಣ್ಣದಾಗಲ್ವೇ, ಹಾಗೆ. ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್, ಲೀಡ್ಸಿನ ಹೈಡ್ ಪಾರ್ಕ್, ಮ್ಯಾಂಚೆಸ್ಟರಿನ ಫ್ಯಾಲೋಫೀಲ್ಡ್‌ನಂಥ ಕಡೆ ಬೀದಿಗೆ ಬೀದಿಯೇ ವಿದ್ಯಾರ್ಥಿಗಳು. ರಾತ್ರಿ ಎಂಟಕ್ಕೆ ಎಲ್ಲರ ನಲ್ಲಿಯೂ ತೆರೆದಿರುತ್ತೆ. ಜಾಲದಲ್ಲಿ ಸಾಮರ್ಥ್ಯ ಸಾಕಷ್ಟಿದ್ದರೆ ಏನೂ ಗೊತ್ತಾಗೋದಿಲ್ಲ, ಇಲ್ಲದಿದ್ದರೆ ಚೆನ್ನಾಗಿ ಗೊತ್ತಾಗುತ್ತೆ. ಪಕ್ಕದ ಮನೆಯವರನ್ನು ಕೇಳೋದೇ ಇಲ್ಲಿ ಅತ್ಯುತ್ತಮ ಪರೀಕ್ಷೆ, ಸಂಕೋಚ ಬೇಡ. ಜಾಹೀರಾತಿನ "ಸರಾಸರಿ ವೇಗ" ಎಂದರೆ ರಾತ್ರಿ 8ರಿಂದ 10ರ ನಡುವೆ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗಬೇಕಾದ ವೇಗ. ಉಳಿದರ್ಧದಲ್ಲಿ ನೀವೂ ಇರಬಹುದು.

ಅಂದಹಾಗೆ, ಭಾರತದಲ್ಲಿ ರಾತ್ರಿ 9 ಆದಾಗ ಇಲ್ಲಿ ಬೇಸಿಗೆಯಲ್ಲಿ ಸಂಜೆ 4:30, ಚಳಿಗಾಲದಲ್ಲಿ 3:30. ಊರಿನ ಕಾಲ್‌ಗಳು ಬಹುತೇಕ ಈ ನೂಕುನುಗ್ಗಲಿಗೆ ಮುಂಚೆಯೇ ಮುಗಿದಿರುತ್ತವೆ. ಆ ಹೊತ್ತಿನಲ್ಲೂ ಕಾಲ್ ಕಡಿದು ಹೋಗುತ್ತಿದ್ದರೆ ಬೀದಿಯ ಕೇಬಲನ್ನು ಬೈಯುವ ಮೊದಲು ರೂಟರ್ ಪಕ್ಕ ಕೂತು ನೋಡಿ. ಇಲ್ಲಿನ ಹಳೇ ಇಟ್ಟಿಗೆ ಮನೆಗಳಲ್ಲಿ ಮುಂದಿನ ಕೋಣೆಯ ವೈಫೈ ಹಿಂದಿನ ಮಲಗುವ ಕೋಣೆಗೆ ತಲುಪುವಷ್ಟರಲ್ಲಿ ಸುಸ್ತಾಗಿರುತ್ತದೆ. ಒಂದು ಉದ್ದನೆಯ ಈಥರ್ನೆಟ್ ಕೇಬಲ್ ಎಷ್ಟೋ ಜಗಳ ನಿಲ್ಲಿಸುತ್ತೆ.

ಫುಲ್ ಫೈಬರ್

ಮನೆಯ ಗೋಡೆಯ ತನಕ ಗಾಜಿನ ಎಳೆ. ಒಳಗೆ ಗೋಡೆಗೆ ಅಂಟಿಕೊಂಡ ಪುಸ್ತಕದಷ್ಟು ದೊಡ್ಡ, ಕರೆಂಟ್ ಬೇಕಾಗುವ, ಹಸಿರು ದೀಪ ಮಿನುಗುವ ಪೆಟ್ಟಿಗೆ ಇರುತ್ತದೆ. ಹೆಸರು ಒಎನ್‌ಟಿ. ಮನೆ ನೋಡಲು ಹೋದಾಗ ಇದು ಕಣ್ಣಿಗೆ ಬಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ, ನಿಮ್ಮ ಅರ್ಧ ಕೆಲಸ ಆದಂತೆ. ಇಲ್ಲೂ ಒಂದು ಎಳೆಯನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ, ಆದರೆ ಎಳೆಯ ಸಾಮರ್ಥ್ಯವೇ ದೊಡ್ಡದು. ದೂರಕ್ಕೆ ತಾಮ್ರದ ಹಾಗೆ ವೇಗ ಸೋರಿಹೋಗುವುದಿಲ್ಲ. ಓಪನ್‌ರೀಚ್ ಫೈಬರಿನ 900ರ ಪ್ಯಾಕೇಜಿಗೆ ಅಪ್‌ಲೋಡ್ 110ರ ಸುಮಾರು. ಹೈಪರ್‌ಆಪ್ಟಿಕ್, ಕಮ್ಯುನಿಟಿ ಫೈಬರ್‌ನಂಥ ಸಣ್ಣ ಕಂಪನಿಗಳ ಹಲವು ಪ್ಯಾಕೇಜುಗಳಲ್ಲಿ ಎರಡೂ ಕಡೆ ಒಂದೇ ವೇಗ.

ಹಾಗಂತ 900 ತಗೊಳ್ಳಿ ಅಂತ ನಾವು ಹೇಳೋದಿಲ್ಲ. ಒಂದು 4ಕೆ ಸಿನಿಮಾಗೆ 15 ಮೆಗಾಬಿಟ್ ಸಾಕು. ಐದು ಜನರ ಮನೆಗೆ ಫುಲ್ ಫೈಬರಿನ 150 ಧಾರಾಳವಾಯ್ತು. ಅದಕ್ಕಿಂತ ಮೇಲಿನದು ಗೇಮ್ ಡೌನ್‌ಲೋಡ್ ಮಾಡುವವರ ಅವಸರಕ್ಕೆ ಕಟ್ಟುವ ದಂಡ.

ತೊಡಕು ಒಂದೇ. ಪೆಟ್ಟಿಗೆ ಮೊದಲೇ ಇಲ್ಲದಿದ್ದರೆ ಗೋಡೆ ಕೊರೆಯಬೇಕು, ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು. ಕಟ್ಟಡ ದೊಡ್ಡದಾದರೆ ಒಪ್ಪಿಗೆಗೇ ವಾರಗಳು ಹಿಡಿಯಬಹುದು. ಸೆಪ್ಟೆಂಬರ್‌ನಲ್ಲಿ ಎಂಜಿನಿಯರ್ ದಿನಾಂಕಕ್ಕೂ ಪೈಪೋಟಿ. ಜುಲೈನಲ್ಲೇ ಏಜೆಂಟರಿಗೆ ಮೇಲ್ ಹಾಕಿ, ಉತ್ತರ ಬರಹದಲ್ಲೇ ತಗೊಳ್ಳಿ.

ಹಲ್ ನಗರದಲ್ಲಿ ಓದುವವರಿಗೆ ಒಂದು ಟಿಪ್ಪಣಿ: ಅಲ್ಲಿನ ಹಳೆಯ ಟೆಲಿಫೋನ್ ಜಾಲ ಮೊದಲಿನಿಂದಲೂ ಬಿಟಿಯದಲ್ಲ, ಕೆಕಾಮ್ ಎಂಬ ಸ್ಥಳೀಯ ಕಂಪನಿಯದು. ಫೋನ್ ಬೂತುಗಳೂ ಕೆಂಪಲ್ಲ, ಕೆನೆ ಬಣ್ಣ. 2019ರಲ್ಲೇ ಆ ಕಂಪನಿ ತನ್ನ ಪ್ರದೇಶಕ್ಕೆಲ್ಲ ಫುಲ್ ಫೈಬರ್ ಎಳೆದು ಮುಗಿಸಿತು. ಲ್ಯಾಂಕಾಸ್ಟರ್ ಸುತ್ತಲ ಹಳ್ಳಿಗಳಲ್ಲಿ ಇನ್ನೂ ಸೊಗಸು: ದೊಡ್ಡ ಕಂಪನಿಗಳು ಬರಲಿಲ್ಲವೆಂದು ರೈತರು, ಊರವರು ಸೇರಿ ಹೊಲಗಳಲ್ಲಿ ತಾವೇ ಕಾಲುವೆ ತೋಡಿ ಬಿ4ಆರ್‌ಎನ್ ಎಂಬ ಗಿಗಾಬಿಟ್ ಜಾಲ ಕಟ್ಟಿಕೊಂಡಿದ್ದಾರೆ.

ತಂತಿಯಿಲ್ಲದ್ದು

5ಜಿ ಹೋಮ್ ಬ್ರಾಡ್‌ಬ್ಯಾಂಡ್ ಅಂದರೆ ಸಿಮ್ ಹಾಕಿದ ರೂಟರ್. ಕೊರೆಯೋದು ಬೇಡ, ಎಂಜಿನಿಯರ್ ಬೇಡ, ಮಾಲೀಕರ ಅಪ್ಪಣೆ ಬೇಡ. ಕೆಲವು ಕಂಪನಿಗಳು ತಿಂಗಳ ಲೆಕ್ಕದಲ್ಲಿ ಕೊಡುತ್ತವೆ, ಮನೆ ಬದಲಿಸಿದರೆ ಬ್ಯಾಗಿನಲ್ಲಿ ಹಾಕ್ಕೊಂಡು ಹೋಗಬಹುದು. ಆದರೆ ವೇಗ ಗಂಟೆಗೊಂದು ಥರ, ದಪ್ಪ ಗೋಡೆ ಬಂದರೆ ಇನ್ನೂ ಕಡಿಮೆ. ಒಪ್ಪಂದಕ್ಕೆ ಮೊದಲು ಅದೇ ಕಂಪನಿಯ ಪೇ ಆಸ್ ಯು ಗೋ ಸಿಮ್ ತಂದು, 5ಜಿ ಫೋನಿಗೆ ಹಾಕಿ, ಮನೆಯ ಕಿಟಕಿ ಪಕ್ಕ ರಾತ್ರಿ ಒಂಬತ್ತಕ್ಕೆ ಸ್ಪೀಡ್ ಟೆಸ್ಟ್ ಮಾಡಿ. ಇಬ್ಬರು, ಮೂವರಿರುವ ಮನೆಗೆ ಇದು ಚೆನ್ನಾಗಿ ಒಗ್ಗುತ್ತೆ. ಉಪಗ್ರಹ ಇಂಟರ್ನೆಟ್ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಫೀಲ್ಡ್‌ವರ್ಕ್ ಮಾಡುವವರಿಗೆ, ನಮಗಲ್ಲ.

ಅವಧಿ, ಹೆಸರು

ನಮ್ಮಲ್ಲಿ ಬಹುಪಾಲು ಜನ ಒಂದು ವರ್ಷದ ಮಾಸ್ಟರ್ಸ್‌ಗೆ ಬಂದವರು. ಅಗ್ಗವಾಗಿ ಕಾಣುವ ಪ್ಯಾಕೇಜುಗಳು ಮಾತ್ರ 24 ತಿಂಗಳಿನವು. ತಿಂಗಳಿಗೆ 28 ಪೌಂಡಿನ ಒಪ್ಪಂದವನ್ನು 12 ತಿಂಗಳಿಗೇ ಬಿಟ್ಟು ಹೊರಟರೆ ಉಳಿದ 12 ತಿಂಗಳ ಬಾಕಿ 336 ಪೌಂಡ್. ಕಂಪನಿ ಅದರಲ್ಲಿ ಸ್ವಲ್ಪ ಕಳೆದು ಉಳಿದದ್ದನ್ನು ಕೇಳುತ್ತದೆ. ಹಾಗಾಗಿ ತಿಂಗಳಿಗೆ 35 ಪೌಂಡಿನ 12 ತಿಂಗಳ ಒಪ್ಪಂದ ಕೊನೆಗೆ ಅಗ್ಗವೇ ಆಗಬಹುದು. 9 ತಿಂಗಳ ವಿದ್ಯಾರ್ಥಿ ಪ್ಯಾಕೇಜುಗಳೂ ಆಗಾಗ ಬರುತ್ತವೆ, ವಿಚಾರಿಸಿ. ನಡುವೆ ದರ ಏರುತ್ತದಾ ಅಂತಲೂ ನೋಡಿ. 2025ರ ಜನವರಿ 17ರ ನಂತರದ ಹೊಸ ಒಪ್ಪಂದಗಳಲ್ಲಿ ಏರಿಕೆ ಇದ್ದರೆ ಅದು ಎಷ್ಟು ಪೌಂಡ್, ಎಷ್ಟು ಪೆನ್ಸ್ ಎಂದು ಮೊದಲೇ ಬರೆದಿರಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಬಿಲ್ ಯಾರ ಹೆಸರಿನಲ್ಲಿ ಅನ್ನೋದು. ಐದು ಜನ ಬಳಸಿದರೂ ಕಂಪನಿಯ ಪಾಲಿಗೆ ಗ್ರಾಹಕ ಒಬ್ಬನೇ. ಡೈರೆಕ್ಟ್ ಡೆಬಿಟ್ ಅವನ ಖಾತೆಯಿಂದ, ಕಟ್ಟದಿದ್ದರೆ ಕೆಡೋದು ಅವನ ಕ್ರೆಡಿಟ್ ದಾಖಲೆ. ಉಳಿದವರು ಜೂನ್‌ನಲ್ಲಿ ಊರಿಗೆ ಹೊರಟು ಹೋದರೆ ಅವರನ್ನು ಕೇಳೋರಿಲ್ಲ. "ಇರಲಿ ಬಿಡೋ, ನನ್ನ ಹೆಸರಲ್ಲೇ ಮಾಡ್ತೀನಿ" ಎಂದು ಮುಂದೆ ಬರುವುದು ಸಾಮಾನ್ಯವಾಗಿ ಮನೆಯ ಅತ್ಯಂತ ಒಳ್ಳೆಯ ಮನುಷ್ಯ. ಅವರಿಂದ ಉಪಕಾರ ಪಡೆಯುವ ಮಿಕ್ಕ ನಾಲ್ವರು ಪೂರ್ತಿ ಅವಧಿಯ ಪಾಲನ್ನು ಮೊದಲೇ ಅವರ ಖಾತೆಗೆ ಹಾಕಿಬಿಡಲಿ. ಸ್ನೇಹ ಇದ್ದಾಗಲೇ ಈ ಮಾತು ಆಡೋದು ಸುಲಭ.

ಆನ್‌ಲೈನ್ ಅಥವಾ ಫೋನಿನಲ್ಲಿ ಮಾಡಿದ ಒಪ್ಪಂದದಿಂದ 14 ದಿನದೊಳಗೆ ಹಿಂದೆ ಸರಿಯುವ ಹಕ್ಕು ನಿಮಗಿದೆ, ಬಳಸಿದ ದಿನಗಳ ಹಣ ಮಾತ್ರ ಕೇಳಬಹುದು. ಜತೆಗೆ, ಆಫ್‌ಕಾಮ್‌ನ ವೇಗ ಸಂಹಿತೆಗೆ ಸಹಿ ಹಾಕಿದ ಕಂಪನಿಗಳು ಒಪ್ಪಂದಕ್ಕೆ ಮೊದಲು ಒಂದು ಖಾತ್ರಿ ಕನಿಷ್ಠ ವೇಗ ಹೇಳಲೇಬೇಕು. ಅದು ಸಿಗದಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಮಾಡದಿದ್ದರೆ ದಂಡವಿಲ್ಲದೆ ಬಿಟ್ಟು ಹೊರಡಬಹುದು. ಸ್ಪೀಡ್ ಟೆಸ್ಟನ್ನು ರೂಟರಿಗೆ ಕೇಬಲ್ ಚುಚ್ಚಿ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವೈಫೈ ಮೇಲೆ ಮಾಡಿದ ಟೆಸ್ಟ್ ತೋರಿಸಿದರೆ "ನಿಮ್ಮ ಗೋಡೆ ಕಾರಣ" ಎಂದುಬಿಡುತ್ತಾರೆ.

ಮನೆ ಖಾಲಿ ಮಾಡುವ ತಿಂಗಳ ಮೊದಲೇ ಕ್ಯಾನ್ಸಲ್ ಮಾಡಲು ಫೋನ್ ಮಾಡಿ. ಅವಧಿ ಮುಗಿದರೆ ಸಂಪರ್ಕ ತಾನಾಗೇ ನಿಲ್ಲೋದಿಲ್ಲ, ದರ ಏರಿಸಿಕೊಂಡು ಮುಂದುವರಿಯುತ್ತೆ. ರೂಟರ್ ಬಹಳ ಸಲ ಕಂಪನಿಯ ಸ್ವತ್ತು. ಅವರು ಕಳಿಸುವ ಲಕೋಟೆಯಲ್ಲಿ ಹಾಕಿ ವಾಪಸ್ ಕಳಿಸಿ, ಪೋಸ್ಟ್ ಆಫೀಸಿನ ರಸೀದಿಯನ್ನು ಭಾರತಕ್ಕೆ ಹೊರಡುವ ಸೂಟ್‌ಕೇಸಿನಲ್ಲೇ ಇಟ್ಟುಕೊಳ್ಳಿ.