ಬಯಲುಸೀಮೆಯ ಕೂಲಿಗಾರರೂ ನಮ್ಮ ತೋಟಗಳ ಸುರಕ್ಷತೆಯೂ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಗಳಿಂದ ಕಾಫಿ ಕೊಯ್ಲಿನ ಕಾಲಕ್ಕೆ ಮಲೆನಾಡಿಗೆ ಬರುವ ಕೂಲಿಗಾರರು ನಮಗೆ ಹೊಸಬರಲ್ಲ. ಮಳೆ ಕೈಕೊಟ್ಟ ವರ್ಷ ಹೆಚ್ಚು ಮಂದಿ ಬರುತ್ತಾರೆ, ಹಿಂಗಾರಿ ಜೋಳ ಕೈಹಿಡಿದ ವರ್ಷ ಕಡಿಮೆ. ದುಡಿಮೆಗೆ ಹಿಂಜರಿಯುವವರಲ್ಲ, ಕಲ್ಲು, ಮಣ್ಣು, ಬಿಸಿಲು ಅವರಿಗೆ ಅಭ್ಯಾಸವಾದದ್ದೇ. ಆದರೆ ಎರೆಮಣ್ಣಿನ ಬಟಾಬಯಲಿನಲ್ಲಿ ಬೆಳೆದವನಿಗೆ ನಲವತ್ತು ಅಡಿ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸುವುದಾಗಲಿ, ಪಾಚಿಗಟ್ಟಿದ ಇಳಿಜಾರಿನಲ್ಲಿ ಹಣ್ಣಿನ ಮೂಟೆ ಹೊತ್ತು ಇಳಿಯುವುದಾಗಲಿ, ಉಣ್ಣೆ ಹತ್ತುವ ಕಾಡಂಚಿನಲ್ಲಿ ತರಗೆಲೆ ಗುಡಿಸುವುದಾಗಲಿ ಊರಿನಲ್ಲಿ ಕಲಿತ ಕೆಲಸಗಳಲ್ಲ. ಅವರನ್ನು ಸುರಕ್ಷಿತವಾಗಿ ದುಡಿಸಿ, ಬಂದಂತೆಯೇ ಮನೆಗೆ ಕಳಿಸಿಕೊಡಲು ಸಣ್ಣ ತೋಟದಲ್ಲಿ ಎಂಥ ವ್ಯವಸ್ಥೆ ಬೇಕು ಎಂಬುದೇ ಈ ಸಂಚಿಕೆಯ ಪಾಠ.

ವ್ಯವಸ್ಥೆ ಎಂದ ಕೂಡಲೇ ದೊಡ್ಡ ಎಸ್ಟೇಟುಗಳ ಫೈಲು, ಬೋರ್ಡು, ತರಬೇತಿ ಅಧಿಕಾರಿ ಕಣ್ಣ ಮುಂದೆ ಬರುತ್ತಾರೆ. 1951ರ ಪ್ಲಾಂಟೇಷನ್ ಲೇಬರ್ ಕಾಯಿದೆಯ ಮಿತಿಯನ್ನು 1981ರ ತಿದ್ದುಪಡಿ 5 ಹೆಕ್ಟೇರು, 15 ಮಂದಿ ಕೆಲಸಗಾರರಿಗೆ ಇಳಿಸಿತು. ಈಗ ಅದರ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನಮ್ಮ ಸದಸ್ಯರಲ್ಲಿ ಅನೇಕರ ಹಿಡುವಳಿ ಐದು ಹೆಕ್ಟೇರಿಗಿಂತ ಚಿಕ್ಕದು. ಹಾಗೆಂದು ಚಿಕ್ಕ ತೋಟದ ಮರ ಗಿಡ್ಡವಾಗಿರುವುದಿಲ್ಲ, ಅದರ ಮೇಲೆ ಹಾದ ವಿದ್ಯುತ್ ತಂತಿಯೂ ಸುಮ್ಮನಿರುವುದಿಲ್ಲ.

ಮೊದಲು ಬೇಕಾದದ್ದು ಒಂದು ಪುಸ್ತಕ. ಕೂಲಿಗಾರರು ಲಾರಿಯಿಂದಲೋ ಬಸ್ಸಿನಿಂದಲೋ ಇಳಿದ ದಿನವೇ ಪ್ರತಿಯೊಬ್ಬರ ಹೆಸರು, ವಯಸ್ಸು, ಊರು, ತಾಲ್ಲೂಕು, ಮನೆಯಲ್ಲಿ ಯಾರಿಗೆ ತಿಳಿಸಬೇಕು ಎಂಬುದು ಮತ್ತು ಅವರ ಫೋನ್ ನಂಬರು ಬರೆದುಕೊಳ್ಳಬೇಕು. ಬಹಳ ಕಡೆ ಇದು ಕೂಲಿಗಾರರನ್ನು ಕರೆತಂದ ಮೇಸ್ತ್ರಿಯ ತಲೆಯಲ್ಲಿ ಮಾತ್ರ ಇರುತ್ತದೆ. ಅವಘಡವಾದ ದಿನ ಮೇಸ್ತ್ರಿ ಕೈಗೆ ಸಿಗದಿದ್ದರೆ, ನಾನೂರು ಐನೂರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಯಾರ ಮನೆಯ ಬಾಗಿಲು ತಟ್ಟಬೇಕೆಂದೇ ತಿಳಿಯದು. ಅವನು ನಮ್ಮಲ್ಲಿ ದುಡಿಯುತ್ತಿದ್ದ ಎಂಬುದಕ್ಕೆ ದಾಖಲೆಯಿಲ್ಲದಿದ್ದರೆ ಅವನ ಹೆಂಡತಿ ಮಕ್ಕಳಿಗೆ ನ್ಯಾಯವಾಗಿ ಸಲ್ಲಬೇಕಾದ ಪರಿಹಾರವೂ ತಡೆಯುತ್ತದೆ.

ಎರಡನೆಯದು ಮಾತು. ನಾವೂ ಕನ್ನಡಿಗರು, ಅವರೂ ಕನ್ನಡಿಗರು, ಹೇಳಿದ್ದು ತಿಳಿದೇ ತಿಳಿಯುತ್ತದೆ ಎಂದು ನಂಬಿ ಕೂರುವುದು ಸರಿಯಲ್ಲ. ನಾವು ಮದ್ದು ಹೊಡೆಯುವುದು ಎಂದದ್ದು ಅವರಲ್ಲಿ ‘ಎಣ್ಣಿ ಹೊಡಿಯೋದು’. ತೊಗರಿಗೂ ಹತ್ತಿಗೂ ಎಣ್ಣಿ ಹೊಡೆದವರು, ದ್ರಾಕ್ಷಿ ತೋಟದಲ್ಲಿ ದುಡಿದು ಮೈಲುತುತ್ತ ಕಂಡವರು ಅವರಲ್ಲಿ ಇದ್ದಾರೆ. ಡಬ್ಬಿ ತೋರಿಸಿ, ಅವರ ಮಾತಿನಲ್ಲೇ ಹೆಸರು ಹೇಳಿಸಿ, ‘ಏನು ತಿಳಿಯಿತು, ನೀನೇ ಹೇಳಪ್ಪ’ ಎಂದು ಕೇಳಬೇಕು. ‘ಹೌದ್ರಿ ಸಾವ್ಕಾರ್ರ’ ಎಂಬ ಉತ್ತರ ಮರ್ಯಾದೆಯ ಮಾತು. ಅರ್ಥವಾಯಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಇನ್ನು ಅಪಾಯಗಳ ವಿಚಾರ. ಕೆಲಸ ಶುರುವಾಗುವ ಮೊದಲು ಒಂದು ಬೆಳಿಗ್ಗೆ, ಕೆಲಸಗಾರರಲ್ಲಿ ಅನುಭವಿಯಾದ ಒಬ್ಬರನ್ನು ಕರೆದುಕೊಂಡು ತೋಟವನ್ನೆಲ್ಲ ಸುತ್ತಿ ಬರಬೇಕು. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವಿದ್ಯುತ್ ತಂತಿ ಮತ್ತು ಅಲ್ಯೂಮಿನಿಯಂ ಏಣಿ. ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮೆಣಸು ಕೊಯ್ಯುವಾಗ, ಮರಗಸಿ ಮಾಡುವಾಗ ಏಣಿ ತಂತಿಗೆ ತಗುಲಿ ಪ್ರಾಣ ಹೋದ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ. ಏಣಿ ಹಗುರ, ಒಬ್ಬನೇ ಎತ್ತಿ ನಡೆಯಬಲ್ಲ, ಅದಕ್ಕೇ ನಾವು ಕೊಂಡದ್ದು. ಆದರೆ ನಿಲ್ಲಿಸಿದ ಏಣಿಯನ್ನು ಹಾಗೆಯೇ ಎತ್ತಿ ಮುಂದಿನ ಮರಕ್ಕೆ ಒಯ್ಯುವಾಗ ಕಣ್ಣು ನೆಲದ ಮೇಲಿರುತ್ತದೆ, ಏಣಿಯ ತುದಿ ಎಲೆಗಳ ನಡುವೆ ಕಾಣದ ತಂತಿಯ ಕಡೆಗೆ ವಾಲುತ್ತದೆ. ಆದಕಾರಣ ನಿಯಮ ಸ್ಪಷ್ಟವಾಗಿರಲಿ. ತಂತಿಯ ಎರಡೂ ಬದಿಗೆ ಏಣಿಯ ಉದ್ದಕ್ಕಿಂತ ಒಂದಷ್ಟು ಹೆಚ್ಚು ದೂರದವರೆಗಿನ ಮರಗಳಿಗೆ ಕೆಂಪು ಬಣ್ಣ ಬಳಿಯಿರಿ. ಆ ಮರಗಳಿಗೆ ಅಲ್ಯೂಮಿನಿಯಂ ಏಣಿ ಹೋಗಕೂಡದು. ಅಲ್ಲಿ ಕೆಲಸ ಮಾಡಲೇಬೇಕಾದರೆ ಮೆಸ್ಕಾಂ ಅಥವಾ ಚೆಸ್ಕಾಂ ಕಚೇರಿಗೆ ಮುಂಚಿತವಾಗಿ ಬರೆದುಕೊಟ್ಟು ಲೈನ್ ಆಫ್ ಮಾಡಿಸಿ, ಆಫ್ ಆಗಿದೆಯೆಂದು ಲೈನ್‌ಮನ್ ಬಾಯಿಂದಲೇ ಕೇಳಿದ ನಂತರ ಆರಂಭಿಸಬೇಕು. ಬಿದಿರಿನ ಏಣಿಯಾದರೆ ಭಯವಿಲ್ಲ ಎನ್ನುವವರೂ ಇದ್ದಾರೆ; ನೆನೆದ ಬಿದಿರು ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬುದು ನೆನಪಿರಲಿ. ಏಣಿಯನ್ನು ಎಂದಿಗೂ ಮಲಗಿಸಿಯೇ ಸಾಗಿಸಬೇಕು.

ಕೂಲಿಯ ಲೆಕ್ಕವೂ ಇಲ್ಲಿ ಸೇರುತ್ತದೆ. ಕಾಫಿ ಹಣ್ಣನ್ನು ಕೆ.ಜಿ. ಲೆಕ್ಕದಲ್ಲಿ ಕೊಯ್ಯಿಸಬಹುದು, ಗಿಡ ನೆಲದ ಹತ್ತಿರವೇ ಇದೆ. ಏಣಿ ಹತ್ತಿ ಮೆಣಸು ಕೊಯ್ಯುವವನಿಗೂ ಅದೇ ಲೆಕ್ಕ ಹಾಕಿದರೆ ಅವನು ಇಳಿದು ಏಣಿ ಸರಿಸುವ ಬದಲು ಕೈ ಚಾಚುತ್ತಾನೆ. ಏಣಿಯ ಕೆಲಸಕ್ಕೆ ದಿನಗೂಲಿಯೇ ಸರಿ ಎಂಬುದು ನಮ್ಮ ನಿಲುವು. ಒಪ್ಪದ ಸದಸ್ಯರಿದ್ದಾರೆ, ಇರಲಿ.

ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಮಳೆಗಾಲದ ಕೆಲಸ. ಬಯಲುಸೀಮೆಯಿಂದ ಬಂದವರನ್ನು ಒದ್ದೆ ಮರ ಹತ್ತಿಸಲೇಬಾರದು. ದೋಟಿಯಿಂದ ನೆಲದಲ್ಲೇ ನಿಂತು ಹೊಡೆಯುವ ಏರ್ಪಾಡು ಈಗ ಸಾಕಷ್ಟು ಕಡೆ ಬಂದಿದೆ. ದ್ರಾವಣ ಕೂಡಿಸುವ ಕೆಲಸವನ್ನು ಅವರಿಗೆ ಕೊಡುವಾಗ ಎಚ್ಚರಿಕೆ ಇರಲಿ. 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು ಎಂಬುದನ್ನು ಹೇಳುವವರು ಕಡಿಮೆ.

ಕೀಟನಾಶಕಗಳ ಬಗ್ಗೆ ಕಾಸರಗೋಡಿನ ಕಥೆಗಿಂತ ದೊಡ್ಡ ಪಾಠ ಬೇಕಿಲ್ಲ. ಅಲ್ಲಿನ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಮುಂತಾದ, ಕನ್ನಡ ತುಳು ಮಾತನಾಡುವ ಹಳ್ಳಿಗಳ ಜನ ತೋಟದ ಕೂಲಿಯವರಾಗಿರಬೇಕೆಂದೇನೂ ಇರಲಿಲ್ಲ. ವಿಷ ತೊರೆಗೂ ಬಾವಿಗೂ ಇಳಿಯಿತು. ಸುಪ್ರೀಂ ಕೋರ್ಟು 2011ರ ಮೇ 13ರಂದು ಆ ವಿಷವನ್ನು ದೇಶಾದ್ಯಂತ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಕೆಲಸಗಾರನ ಆರೋಗ್ಯ ಬೇರೆ, ಹೊಳೆಯ ನೀರು ಬೇರೆ ಎಂದು ಎರಡು ಫೈಲು ಮಾಡಲಾಗದು. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣಾ ದ್ರಾವಣಕ್ಕೇ ಸೇರಿಸಿ, ಡಬ್ಬಿಗೆ ತೂತು ಹೊಡೆಯಿರಿ. ಇಲ್ಲವಾದರೆ ಅದು ಲೈನ್ ಮನೆಯಲ್ಲಿ ನೀರಿನ ಕೊಡವಾಗುತ್ತದೆ. ಸಿಂಪಡಿಸಿದವನಿಗೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣು ಮಂಜು ಕಂಡರೆ ಹಾಲು ಮಜ್ಜಿಗೆ ಕುಡಿಸುತ್ತ ಕಾಲ ಕಳೆಯಬಾರದು. ಬಟ್ಟೆ ತೆಗೆಸಿ, ಸೋಪಿನಿಂದ ಮೈ ತೊಳೆಸಿ, ಡಬ್ಬಿಯ ಲೇಬಲ್ಲಿನ ಸಮೇತ ಆಸ್ಪತ್ರೆಗೆ ಒಯ್ಯಬೇಕು.

ಪಲ್ಪರ್ ನೀರಿನ ಹೊಂಡ, ಗೊಬ್ಬರ ಅನಿಲದ ತೊಟ್ಟಿಗಳಿಗೆ ಯಾರೂ ಇಳಿಯಬಾರದು. ಮೊದಲನೆಯವನು ವಿಷಗಾಳಿಗೆ ಬೀಳುತ್ತಾನೆ, ಎತ್ತಲು ಹೋದ ಅಣ್ಣತಮ್ಮಂದಿರು ಅವನ ಮೇಲೆಯೇ ಬೀಳುತ್ತಾರೆ.

ಮಂಗನ ಕಾಯಿಲೆಯ ಕಾಲವೂ ಕೊಯ್ಲಿನ ಕಾಲವೂ ಒಂದೇ, ಡಿಸೆಂಬರಿನಿಂದ ಮೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಹಳೆಯ ಲಸಿಕೆ ಈಗ ನಿಂತಿದೆ. ಆದ್ದರಿಂದ ಆರೋಗ್ಯ ಇಲಾಖೆ ಕೊಡುವ ಉಣ್ಣೆ ನಿರೋಧಕ ಎಣ್ಣೆ, ಮೈತುಂಬ ಬಟ್ಟೆ, ಸಂಜೆ ಬಿಸಿನೀರಿನ ಸ್ನಾನ ಇಷ್ಟೇ ನಮ್ಮ ಕೈಲಿರುವುದು. ಸ್ನಾನದ ಬಿಸಿನೀರಿಗೆ ಸೌದೆ ಕೊಡುವುದು ಕೂಡ ಸುರಕ್ಷತೆಯ ಖರ್ಚೇ. ಮಂಗ ಸತ್ತದ್ದು ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕೆಂದು ಮೊದಲ ದಿನವೇ ಹೇಳಿ. ಹೊಸಬರಿಗೆ ಮಂಗ ಸತ್ತರೆ ಏನು ವಿಶೇಷವೆಂದು ಹೇಗೆ ಗೊತ್ತಾಗಬೇಕು?

ಗೋದಾಮಿನ ವಿಚಾರ ಒಂದು ಮಾತು. 2023ರ ಡಿಸೆಂಬರ್ 4ರಂದು ವಿಜಯಪುರದ ಗೋದಾಮೊಂದರಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದಿಂದ ಬಂದಿದ್ದ 7 ಮಂದಿ ಕೂಲಿಗಾರರು ಸತ್ತರು. ವಿಜಯಪುರದ ಜನ ದುಡಿಮೆಗೆ ನಮ್ಮಲ್ಲಿಗೆ ಬಂದಂತೆ ಅಲ್ಲಿಗೂ ದೂರದವರು ಹೋಗುತ್ತಾರೆ. ಕಾಫಿ, ಅಡಿಕೆ ಮೂಟೆಗಳನ್ನು ಎತ್ತರಕ್ಕೆ ಅಟ್ಟಿ ಕಟ್ಟಿ ಕೆಳಗಿನ ಮೂಟೆ ಎಳೆಯುವ ಪದ್ಧತಿ ನಿಲ್ಲಲಿ, ಮೇಲಿನಿಂದಲೇ ಇಳಿಸಿ.

ಕೊನೆಯದಾಗಿ, ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ತಪ್ಪಿದ ಅಪಾಯಗಳನ್ನೂ ಬರೆಯಿರಿ: ಏಣಿ ಜಾರಿತು, ಯಾರಿಗೂ ಏನಾಗಲಿಲ್ಲ; ಹಾವು ಕಂಡಿತು, ಕಚ್ಚಲಿಲ್ಲ. ಹೇಳಿದರೆ ಕೂಲಿ ಕಡಿದಾರು ಎಂಬ ಹೆದರಿಕೆಯಿಂದ ಕೂಲಿಗಾರರು ಇವನ್ನು ಮುಚ್ಚಿಡುತ್ತಾರೆ. ಪೆಟ್ಟಾದ ದಿನದ ಪೂರ್ತಿ ಕೂಲಿ ಕೊಡುತ್ತೇವೆಂದು ಮೇಸ್ತ್ರಿಯ ಎದುರಿನಲ್ಲೇ ಮೊದಲು ಹೇಳಿಬಿಡಿ. ಶನಿವಾರ ಬಟವಾಡೆಗೆ ಮುಂಚೆ ಪುಸ್ತಕ ಓದಿ, ಆ ವಾರ ಯಾವುದನ್ನು ಸರಿಪಡಿಸಿದಿರಿ, ಯಾರು ಸರಿಪಡಿಸಿದರು ಎಂದು ಎದುರಿಗೆ ಬರೆಯಿರಿ. ತೋಟದಲ್ಲಿ ಧಣಿಗಳಿಲ್ಲದ ದಿನ ಯಾರ ಮಾತು ನಡೆಯಬೇಕು, 108ಕ್ಕೆ ಯಾರು ಫೋನು ಮಾಡಬೇಕು, ಸಿಗ್ನಲ್ ಎಲ್ಲಿ ಸಿಗುತ್ತದೆ, ಯಾವ ಜೀಪು ಸಿದ್ಧವಿರುತ್ತದೆ ಎಂಬುದು ಮೊದಲ ಪುಟದಲ್ಲಿರಲಿ. ಪುಸ್ತಕದ ಮಾದರಿ ಸಂಘದ ಕಚೇರಿಯಲ್ಲಿದೆ. ಕೊಯ್ಲು ಆರಂಭವಾಗುವ ಮೊದಲು ಬಂದು ಒಯ್ಯಬಹುದು.